ಒಂದೇ ಸೂರು, ಎರಡು ಒಲೆ

ಅವಿಭಕ್ತ ಕುಟುಂಬದಲ್ಲಿ ಜಗಳ ಹುಟ್ಟುವುದು ಆಸ್ತಿಯ ವಿಷಯದಲ್ಲಿ ಎಂದು ಜನ ಹೇಳುವುದುಂಟು. ಬಲ್ಲವರನ್ನು ಕೇಳಿದರೆ, ಅದರ ಮೊದಲ ಕಿಡಿ ಹಾರುವುದು ಅಡುಗೆಯ ಮನೆಯಲ್ಲಿ ಎನ್ನುತ್ತಾರೆ. ಅತ್ತೆಯ ಪಥ್ಯಕ್ಕೆ ಉಪ್ಪು ಕಡಿಮೆಯಿರಬೇಕು. ಹಿರಿಯ ಸೊಸೆಯ ತವರಿನ ರೂಢಿಯಂತೆ ಖಾರ ಮುಂದಾಗಬೇಕು. ಕಿರಿಯವಳಿಗೆ ಬೆಳ್ಳುಳ್ಳಿಯ ವಾಸನೆಯೇ ಆಗದು. ಪಾತ್ರೆಯೊಂದು, ಒಲೆಯೊಂದು, ಬಯಕೆ ಮೂರು. ಕಡೆಗೆ ಹಿರಿಯರು ಕುಳಿತು ತೀರ್ಮಾನ ಹೇಳುತ್ತಾರೆ: ಮನೆ ಒಡೆಯುವುದು ಬೇಡ, ಒಲೆ ಬೇರೆಯಾಗಲಿ.

ಇಂದಿನ ಗಣಕಯಂತ್ರಗಳ ಒಳಗೆ ನಡೆದಿರುವ ಸಂಸಾರವೂ ಇದೇ ಬಗೆಯದು. ಒಂದೇ ಯಂತ್ರದಲ್ಲಿ ಒಂದೇ ಭಾಷೆಯ ಎರಡು ಮೂರು ಆವೃತ್ತಿಗಳು ವಾಸವಾಗಿರುತ್ತವೆ. ಪ್ರತಿಯೊಂದಕ್ಕೂ ಅದರದೇ ಸಾಮಗ್ರಿ, ಅದರದೇ ಪಥ್ಯ. ಒಂದರ ಡಬ್ಬಿಗೆ ಮತ್ತೊಂದು ಕೈಹಾಕಿದಾಗ ನಿನ್ನೆಯವರೆಗೂ ಸರಿಯಾಗಿ ನಡೆಯುತ್ತಿದ್ದ ಕೆಲಸ ಇಂದು ಬೆಳಗ್ಗೆ ನಿಂತುಹೋಗುತ್ತದೆ. ಕೆಲವೊಮ್ಮೆ ನಿಲ್ಲದೆ, ತಪ್ಪು ಉತ್ತರವನ್ನು ಕೊಡುತ್ತ ಮುಂದುವರಿಯುತ್ತದೆ. ಎರಡನೆಯದೇ ಹೆಚ್ಚು ಭಯಂಕರವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ.

ಭಾಷೆ ಮತ್ತು ಅದರ ಸಂಬಾರ

ಗಣಕಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. ಮಾಡಬೇಕಾದ ಕೆಲಸವನ್ನು ಆಜ್ಞೆಗಳ ರೂಪದಲ್ಲಿ ಬರೆದು ಕೊಡಬೇಕು. ಈ ಆಜ್ಞಾಮಾಲೆಗೆ ಪ್ರೋಗ್ರಾಂ ಎಂದು ಹೆಸರು. ಅದನ್ನು ಬರೆಯಲು ಮನುಷ್ಯನು ನಿರ್ಮಿಸಿಕೊಂಡ ಭಾಷೆಗಳು ನೂರಾರು. ಅವುಗಳ ಪೈಕಿ ಇಂದು ಶಾಲೆಯ ಬಾಲಕರಿಂದ ಮೊದಲ್ಗೊಂಡು ಖಗೋಳ ವಿಜ್ಞಾನಿಗಳವರೆಗೆ ಎಲ್ಲರ ಕೈಯಲ್ಲೂ ಓಡಾಡುತ್ತಿರುವುದು ಪೈಥಾನ್. ಇದರ ಜನಕ ನೆದರ್ಲೆಂಡ್ಸಿನ ಗೀಡೊ ವಾನ್ ರಾಸಮ್. ಆಮ್‌ಸ್ಟರ್‌ಡ್ಯಾಮಿನ ಸಂಶೋಧನ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಈತ 1989ರ ಕ್ರಿಸ್ಮಸ್ ರಜೆಯ ಬಿಡುವಿನಲ್ಲಿ ಇದನ್ನು ಕಟ್ಟಲು ತೊಡಗಿದ. 1991ರಲ್ಲಿ ಅದು ಲೋಕದ ಮುಂದೆ ಬಂತು. ಹೆಸರಿಗೂ ಹೆಬ್ಬಾವಿಗೂ ಸಂಬಂಧವಿಲ್ಲ, ಬಿ.ಬಿ.ಸಿ.ಯ ‘ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್’ ಎಂಬ ಹಾಸ್ಯ ಕಾರ್ಯಕ್ರಮದಿಂದ ಅದು ಬಂದುದು.

ಮದುವೆಯ ಮನೆಯ ಅಡುಗೆಯವನು ಬೆಲ್ಲವನ್ನು ತಾನೇ ಕಾಯಿಸುವುದಿಲ್ಲ, ತುಪ್ಪಕ್ಕಾಗಿ ಎಮ್ಮೆ ಕಟ್ಟುವುದಿಲ್ಲ. ಸಿದ್ಧವಾದುದನ್ನು ತರಿಸಿಕೊಳ್ಳುತ್ತಾನೆ. ಪ್ರೋಗ್ರಾಂ ಬರೆಯುವವನೂ ಅಷ್ಟೆ. ಕಠಿಣ ಗಣಿತಕ್ಕೆ ಒಂದು, ಚಿತ್ರ ಬಿಡಿಸಲು ಒಂದು, ತಾರೀಖು ಲೆಕ್ಕಹಾಕಲು ಒಂದು, ಹೀಗೆ ಯಾರೋ ಬರೆದು ಹಂಚಿರುವ ಸಿದ್ಧ ಕಟ್ಟುಗಳನ್ನು ತಂದು ಜೋಡಿಸಿಕೊಳ್ಳುತ್ತಾನೆ. ಇವೇ ಪ್ಯಾಕೇಜುಗಳು. ಪೈಥಾನಿನ ಸಾರ್ವಜನಿಕ ಉಗ್ರಾಣದಲ್ಲಿ ಇಂಥವು ಐದು ಲಕ್ಷಕ್ಕೂ ಮಿಕ್ಕಿವೆ. ಅವನ್ನು ತಂದುಕೊಡುವ ಆಳಿನ ಹೆಸರು ಪಿಪ್. ಆದರೆ ಒಂದು ಪ್ಯಾಕೇಜಿಗೆ ಇನ್ನೊಂದು ಬೇಕು, ಆ ಇನ್ನೊಂದಕ್ಕೆ ಮತ್ತೆರಡು ಬೇಕು. ಒಂದನ್ನು ಕರೆದರೆ ಬಳಗವೆಲ್ಲ ಬರುತ್ತದೆ. ಈ ನಂಟಿಗೆ ಅವಲಂಬನೆ ಎಂದು ಹೆಸರು. ತೊಡಕೆಲ್ಲ ಹುಟ್ಟುವುದು ಈ ನಂಟಿನಲ್ಲಿ.

ಏಳನ್ನು ಎರಡರಿಂದ ಭಾಗಿಸಿದರೆ

2008ನೆಯ ಇಸವಿಯ ಡಿಸೆಂಬರ್ 3ರಂದು ಪೈಥಾನಿನ ಮೂರನೆಯ ಆವೃತ್ತಿ ಹೊರಬಂತು. ಭಾಷೆ ಬೆಳೆಯುತ್ತ ಬಂದಂತೆ ಸೇರಿಕೊಂಡಿದ್ದ ಕೆಲವು ಅಂಕುಡೊಂಕುಗಳನ್ನು ನೇರಮಾಡಬೇಕೆಂಬ ಉದ್ದೇಶದಿಂದ, ಹಳೆಯದರೊಡನೆ ಹೊಂದಿಕೆ ತಪ್ಪಿದರೂ ಚಿಂತೆಯಿಲ್ಲವೆಂದು, ಅದನ್ನು ತಿದ್ದಲಾಗಿತ್ತು. ‘ಪಾಲು’ ‘ಹಾಲಾ’ದರೂ ಹಳಗನ್ನಡ ಬಲ್ಲವನು ಅರ್ಥವನ್ನು ಊಹಿಸಬಲ್ಲ. ಯಂತ್ರಕ್ಕೆ ಊಹೆ ಗೊತ್ತಿಲ್ಲ. ಎರಡನೆಯ ಆವೃತ್ತಿಯಲ್ಲಿ ಬರೆದುದನ್ನು ಮೂರನೆಯದು ಓದಲಾರದೆ ಹೋಯಿತು.

ಬದಲಾವಣೆಗಳಲ್ಲಿ ಮೂರನ್ನು ಇಲ್ಲಿ ಹೇಳಬಹುದು. ಮೊದಲನೆಯದು ‘ಪ್ರಿಂಟ್’ ಎಂಬ ಆಜ್ಞೆ. ಹಿಂದೆ ಅದರ ಮುಂದೆ ಬರೆದುದನ್ನು ಹಾಗೆಯೇ ತೆರೆಯ ಮೇಲೆ ತೋರಿಸುತ್ತಿತ್ತು. ಈಗ ಅದನ್ನು ಕಂಸದೊಳಗೆ ಇಡಬೇಕು. ಇಡದಿದ್ದರೆ ಯಂತ್ರ ಕೂಡಲೆ ತಪ್ಪೆಂದು ಹೇಳಿ ನಿಲ್ಲುತ್ತದೆ. ಇದು ಪ್ರಾಮಾಣಿಕ ಜಗಳ, ತಿದ್ದುವುದು ಸುಲಭ.

ಎರಡನೆಯದು ಭಾಗಾಕಾರ. ಏಳನ್ನು ಎರಡರಿಂದ ಭಾಗಿಸೆಂದರೆ ಎರಡನೆಯ ಆವೃತ್ತಿ 3 ಎನ್ನುತ್ತದೆ, ಮೂರನೆಯದು 3.5 ಎನ್ನುತ್ತದೆ. ಏಳು ರೂಪಾಯಿಯನ್ನು ಅಣ್ಣತಮ್ಮಂದಿರಿಬ್ಬರಿಗೆ ಹಂಚಿದಾಗ ಒಂದು ರೂಪಾಯಿ ಎಲ್ಲಿಗೆ ಹೋಯಿತೆಂದು ಹಳೆಯ ಯಂತ್ರವನ್ನು ಕೇಳುವಂತಿಲ್ಲ. ಎರಡು ಆವೃತ್ತಿಗಳೂ ತಪ್ಪೆಂದು ಕೂಗುವುದಿಲ್ಲ. ತಮ್ಮ ತಮ್ಮ ಉತ್ತರವನ್ನು ಗಂಭೀರವಾಗಿ ಕೊಟ್ಟು ಸುಮ್ಮನಾಗುತ್ತವೆ. ಹಳೆಯ ಲೆಕ್ಕವನ್ನು ಹೊಸ ಆವೃತ್ತಿಗೆ ಒಪ್ಪಿಸಿದವನು ಉತ್ತರ ಬದಲಾದುದನ್ನು ತಾನಾಗಿ ಗಮನಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಮೂರನೆಯದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. ‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಓದು ಬಲ್ಲ ಮಗುವೂ ಮೂರು ಎನ್ನುತ್ತದೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯಲ್ಲಿ ಆ ಪದವನ್ನು ಕ, ನ, ಅರ್ಧಾಕ್ಷರದ ಗುರುತು, ನ, ಡ ಎಂದು ಐದು ಸಂಕೇತಗಳಾಗಿ ಬರೆಯಲಾಗುತ್ತದೆ. ಕಡತದಲ್ಲಿ ಇಡುವಾಗ, ಯುಟಿಎಫ್-8 ಎಂಬ ರೂಢಿಯಂತೆ, ಒಂದೊಂದು ಸಂಕೇತಕ್ಕೂ ಮೂರು ಬೈಟುಗಳ ಜಾಗ ಬೇಕು. ಎರಡನೆಯ ಆವೃತ್ತಿಯಲ್ಲಿ ಈ ಪದವನ್ನು ಸಾಮಾನ್ಯ ರೀತಿಯಲ್ಲಿ ಬರೆದು ಉದ್ದವೆಷ್ಟೆಂದು ಕೇಳಿದರೆ ಅದು ಬೈಟುಗಳನ್ನೆಣಿಸಿ 15 ಎನ್ನುತ್ತಿತ್ತು. ಮೂರನೆಯದು ಸಂಕೇತಗಳನ್ನೆಣಿಸಿ 5 ಎನ್ನುತ್ತದೆ. ಮಗುವಿನ ಉತ್ತರಕ್ಕೆ ಎರಡೂ ಬಂದಿಲ್ಲವಾದರೂ ಹೊಸದು ಹತ್ತಿರ ಬಂದಿದೆ. ಹಳೆಯ ಪದ್ಧತಿಯಲ್ಲಿ ಪದದ ಮೊದಲ ಅಕ್ಷರವನ್ನು ಕೊಡೆಂದರೆ ‘ಕ’ಕಾರದ ಮೂರನೆಯ ಒಂದು ಭಾಗ ಕೈಗೆ ಬರುತ್ತಿತ್ತು, ಅದು ಯಾವ ಲಿಪಿಯಲ್ಲೂ ಅಕ್ಷರವಲ್ಲ. ಇಂಗ್ಲಿಷಿಗೆ ಮಾತ್ರ ಹೊಂದುವಂತೆ ಕಟ್ಟಿದ್ದ ಮನೆಯನ್ನು ಲೋಕದ ಲಿಪಿಗಳಿಗೆಲ್ಲ ತೆರೆಯಬೇಕಾದುದೇ ಈ ದೊಡ್ಡ ಒಡಕಿಗೆ ಮುಖ್ಯ ಕಾರಣಗಳಲ್ಲೊಂದು. ಆ ದೃಷ್ಟಿಯಿಂದ ನೋಡಿದರೆ ಒಡಕು ವ್ಯರ್ಥವಾಗಲಿಲ್ಲ.

ನಯಾಪೈಸೆಯ ನೆನಪು

1957ರ ಏಪ್ರಿಲ್ 1ರಂದು ಭಾರತದಲ್ಲಿ ದಶಮಾಂಶ ನಾಣ್ಯ ಬಂದಾಗ ಅಂಗಡಿಯವರು ಪಟ್ಟ ಪಾಡನ್ನು ಹಿರಿಯರು ಬಲ್ಲರು. ಹಳೆಯ ಲೆಕ್ಕದಲ್ಲಿ ರೂಪಾಯಿಗೆ 64 ಪೈಸೆ, ಹೊಸದರಲ್ಲಿ 100. ಎರಡು ಬಗೆಯ ನಾಣ್ಯಗಳೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಸೇರಿದವು. ಬರಿದೆ ‘ಪೈಸೆ’ ಎಂದರೆ ಯಾವ ಪೈಸೆ? ಗೊಂದಲ ತಪ್ಪಿಸಲೆಂದೇ ಸರಕಾರ ಹೊಸದಕ್ಕೆ ‘ನಯಾಪೈಸೆ’ ಎಂದು ಹೆಸರಿಟ್ಟಿತು. ಹಳೆಯದರ ನೆನಪು ಮಾಸಿದ ಮೇಲೆ, 1964ರ ಜೂನ್ 1ರಿಂದ, ‘ನಯಾ’ ಎಂಬುದನ್ನು ಕೈಬಿಟ್ಟಿತು.

ಪೈಥಾನಿನ ಲೋಕದಲ್ಲಿ ಇದೇ ನಡೆಯಿತು. ‘ಪೈಥಾನ್’ ಎಂದು ಬರಿದೆ ಕರೆದರೆ ಯಾರು ಓಗೊಡಬೇಕು? 2010ರಲ್ಲಿ ಆರ್ಚ್ ಎಂಬ ಲಿನಕ್ಸ್ ವ್ಯವಸ್ಥೆ ಆ ಹೆಸರನ್ನು ಮೂರನೆಯ ಆವೃತ್ತಿಗೆ ಕೊಟ್ಟಿತು. ಉಳಿದವು ಎರಡನೆಯದಕ್ಕೇ ಉಳಿಸಿಕೊಂಡವು. ಗೊಂದಲ ಬೇಡವೆಂಬವರು ಹೊಸದನ್ನು ‘ಪೈಥಾನ್3’ ಎಂದೇ ಕರೆಯುವ ರೂಢಿ ಹಾಕಿಕೊಂಡರು. ಎರಡೂ ಕಡೆ ಸಲ್ಲುವಂತೆ ಬರೆಯಲು ನೆರವಾಗುವ ಒಂದು ಪ್ಯಾಕೇಜೂ ಹುಟ್ಟಿತು. ಎರಡನ್ನು ಮೂರರಿಂದ ಗುಣಿಸಿದರೆ ಆರಲ್ಲವೆ? ಅದಕ್ಕೆ ‘ಸಿಕ್ಸ್’ ಎಂದೇ ನಾಮಕರಣವಾಯಿತು. ಸರಕಾರ ಏಳು ವರ್ಷದಲ್ಲಿ ಮುಗಿಸಿದ ಕೆಲಸಕ್ಕೆ ಇಲ್ಲಿ ಹನ್ನೊಂದು ವರ್ಷ ಹಿಡಿಯಿತು. 2015ರಲ್ಲಿ ಮುಗಿಯಬೇಕಾಗಿದ್ದ ಎರಡನೆಯ ಆವೃತ್ತಿಯ ಆಯುಸ್ಸನ್ನು 2020ರವರೆಗೆ ವಿಸ್ತರಿಸಲಾಯಿತು. ಆ ವರ್ಷದ ಜನವರಿ 1ಕ್ಕೆ ಅದರ ಪೋಷಣೆ ನಿಂತಿತು. ಏಪ್ರಿಲ್ ತಿಂಗಳಲ್ಲಿ ಬಂದ 2.7.18 ಎಂಬುದೇ ಕಡೆಯ ಕಂತು.

ಬಾವಿಗೆ ಬಿದ್ದ ಪಾತಾಳಗರಡಿ

ಗಣಕಯಂತ್ರ ಒಂದು ಹೆಸರನ್ನು ಕೇಳಿದೊಡನೆ ಆ ಹೆಸರಿನವನನ್ನು ಹುಡುಕುವ ಕ್ರಮವೊಂದಿದೆ. ಅದರ ಬಳಿ ಕೋಶಗಳ ಒಂದು ಪಟ್ಟಿ ಇರುತ್ತದೆ. ಪಟ್ಟಿಯ ಮೊದಲ ಕೋಶದಿಂದ ನೋಡುತ್ತ ಹೋಗಿ, ಮೊದಲು ಸಿಕ್ಕವನನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುತ್ತದೆ. ಅದೇ ಹೆಸರಿನ ಇನ್ನೊಬ್ಬ ಮುಂದಿನ ಕೋಣೆಯಲ್ಲಿದ್ದರೂ ಕೇಳುವುದಿಲ್ಲ. ಆದ್ದರಿಂದ ‘ಪೈಥಾನ್’ ಎಂದಾಗ ಬರುವವನು ಒಬ್ಬ, ‘ಪಿಪ್’ ಎಂದಾಗ ಬರುವವನು ಇನ್ನೊಬ್ಬನ ಆಳು ಆಗಿರುವುದು ಅಪರೂಪವಲ್ಲ. ಆಳು ಸಾಮಾನು ತಂದೆನೆನ್ನುತ್ತಾನೆ, ಒಡೆಯ ಬಂದಿಲ್ಲವೆನ್ನುತ್ತಾನೆ. ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಸಾಮಾನು ಪಕ್ಕದ ಮನೆಯ ಕಪಾಟಿಗೆ ಹೋಗಿರುತ್ತದೆ. ಹೊಸದಾಗಿ ಕಲಿಯುವವರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಈ ಒಂದೇ ಕಾರಣಕ್ಕೆ. ಪಿಪ್ಪನ್ನು ನೇರವಾಗಿ ಕರೆಯದೆ, ಬೇಕಾದ ಆವೃತ್ತಿಯ ಪೈಥಾನಿಗೇ ‘ನಿನ್ನ ಪಿಪ್ಪಿನಿಂದ ತರಿಸು’ ಎಂದು ಆಜ್ಞೆ ಮಾಡಿದರೆ ಈ ತೊಡಕು ನಿವಾರಣೆಯಾಗುತ್ತದೆ.

ಇದಕ್ಕಿಂತ ದೊಡ್ಡ ಅನಾಹುತವೊಂದುಂಟು. ಲಿನಕ್ಸ್ ವ್ಯವಸ್ಥೆಗಳು ತಮ್ಮ ಮನೆಗೆಲಸಕ್ಕೂ ಪೈಥಾನನ್ನೇ ನಂಬಿಕೊಂಡಿವೆ. 2014ರಲ್ಲಿ ಬಂದು, 2024ರ ಜೂನ್ 30ರವರೆಗೆ ಪೋಷಣೆ ಪಡೆದ ಸೆಂಟ್‌ಓಎಸ್ 7 ಎಂಬ ವ್ಯವಸ್ಥೆಯನ್ನೇ ನೋಡಬಹುದು. ಅದರಲ್ಲಿ ಹೊಸ ತಂತ್ರಾಂಶವನ್ನು ತಂದು ಹೂಡುವ, ಹಳೆಯದನ್ನು ದುರಸ್ತಿಮಾಡುವ ಸಾಧನದ ಹೆಸರು ಯಮ್. ಅದು ಬರೆಯಲ್ಪಟ್ಟಿರುವುದು ಎರಡನೆಯ ಆವೃತ್ತಿಯಲ್ಲಿ. ಹೊಸ ಪೈಥಾನ್ ಬೇಕೆಂಬ ಉತ್ಸಾಹದಲ್ಲಿ ಯಂತ್ರದ ಉಸ್ತುವಾರಿಗಳು ‘ಪೈಥಾನ್’ ಎಂಬ ಹೆಸರನ್ನು ಮೂರನೆಯ ಆವೃತ್ತಿಗೆ ತಿರುಗಿಸಿಬಿಡುತ್ತಿದ್ದರು. ಅಂದು ಏನೂ ಆಗುತ್ತಿರಲಿಲ್ಲ. ಮರುವಾರ ಯಾವುದೋ ದುರಸ್ತಿಗೆಂದು ಯಮ್ಮನ್ನು ಕರೆದರೆ ಅದು ಮೊದಲ ಸಾಲುಗಳಲ್ಲೇ ಎಡವಿ ಬೀಳುತ್ತಿತ್ತು. ಕೆಟ್ಟುದನ್ನು ಸರಿಪಡಿಸುವ ಸಾಧನವೇ ಕೆಟ್ಟಿತು! ಬಾವಿಗೆ ಬಿದ್ದ ಕೊಡವನ್ನೆತ್ತಬೇಕಾದ ಪಾತಾಳಗರಡಿಯೇ ಹಗ್ಗ ಹರಿದು ಬಾವಿಗೆ ಬಿದ್ದ ಹಾಗಾಯಿತು. ಹೆಸರನ್ನು ಮತ್ತೆ ಹಳೆಯದಕ್ಕೆ ತಿರುಗಿಸಿದರೆ ಪ್ರಾಣ ಬರುತ್ತಿತ್ತು. ಆದರೆ ಕಾರಣ ಅದೆಂದು ಹೊಳೆಯುವಷ್ಟರಲ್ಲಿ ಹಲವರು ಯಂತ್ರವನ್ನು ಅಳಿಸಿ ಮೊದಲಿನಿಂದ ಹೂಡಿದ್ದುಂಟು.

ಸಾವಿರ ಕೋಟಿ ಜೋಡಣೆ

ಆವೃತ್ತಿ ಒಂದೇ ಇದ್ದರೆ ಎಲ್ಲವೂ ಸುಗಮವೆ? ಹಾಗೇನಿಲ್ಲ. ಒಂದು ಕೆಲಸಕ್ಕೆ ‘ಅ’ ಮತ್ತು ‘ಆ’ ಎಂಬ ಎರಡು ಪ್ಯಾಕೇಜುಗಳು ಬೇಕೆಂದುಕೊಳ್ಳಬಹುದು. ಎರಡಕ್ಕೂ ‘ಇ’ ಎಂಬ ಮೂರನೆಯದು ಬೇಕು. ಆದರೆ ‘ಅ’ ಕೇಳುವುದು ‘ಇ’ಯ ಹಳೆಯ ರೂಪವನ್ನು, ‘ಆ’ ಕೇಳುವುದು ಹೊಸದನ್ನು. ಒಂದು ಕಪಾಟಿನಲ್ಲಿ ‘ಇ’ ಒಂದೇ ಇರಬಲ್ಲುದು. ಒಬ್ಬಳು ಮಗಳು, ಇಬ್ಬರು ವರರು, ಮುಹೂರ್ತವೂ ಒಂದೇ.

2024ರ ಜೂನ್ ತಿಂಗಳಲ್ಲಿ ಇದು ಕಲ್ಪನೆಯ ಮಾತಾಗಿ ಉಳಿಯಲಿಲ್ಲ. ಪೈಥಾನಿನ ವೈಜ್ಞಾನಿಕ ಗಣಿತಕ್ಕೆಲ್ಲ ಅಡಿಗಲ್ಲಾದ ನಂಪೈ ಎಂಬ ಪ್ಯಾಕೇಜು, 2006ರಿಂದ ಒಂದನೆಯ ಸರಣಿಯಲ್ಲೇ ನಡೆದು ಬಂದುದು, 2.0 ಆಗಿ ಹೊರಬಂತು. ಒಂದನೆಯ ಸರಣಿಯ ಅಳತೆಗೆ ಹೊಲಿದಿದ್ದ ಅನೇಕ ಪ್ಯಾಕೇಜುಗಳು ಹೊಸದರೊಡನೆ ಓಡಲಾರದೆ ಕುಸಿದವು. ಅವುಗಳ ಕರ್ತೃಗಳು ಮತ್ತೆ ಹೊಲಿದು ಕೊಡುವವರೆಗೆ, ನಂಪೈ ಎರಡಕ್ಕಿಂತ ಕೆಳಗಿರಲಿ ಎಂದು ಕಟ್ಟು ಮಾಡಿಕೊಂಡವರು ಬಚಾವಾದರು.

ಹಾಗಾದರೆ ಎಲ್ಲ ಬೇಡಿಕೆಗಳಿಗೂ ಸರಿಹೊಂದುವ ಜೋಡಣೆಯನ್ನು ಯಂತ್ರವೇ ಹುಡುಕಲಾರದೆ? ಹತ್ತು ಪ್ಯಾಕೇಜುಗಳು, ಒಂದೊಂದಕ್ಕೂ ಹತ್ತು ರೂಪಗಳು ಎಂದಿಟ್ಟುಕೊಂಡರೆ ಸಾಧ್ಯವಾದ ಜೋಡಣೆಗಳು ಸಾವಿರ ಕೋಟಿ. ಬೇಡಿಕೆಗಳು ಹೇಗೆಯೇ ಇದ್ದರೂ ಸರಿಯಾದುದನ್ನು ಬೇಗ ಕಂಡುಹಿಡಿಯುವ ರಾಜಮಾರ್ಗ ಯಾರಿಗೂ ತಿಳಿಯದು. ಗಣಕವಿಜ್ಞಾನದ ಅತಿ ಕಠಿಣವೆಂದು ಹೆಸರಾದ ಸಮಸ್ಯೆಗಳ ವರ್ಗಕ್ಕೇ ಇದೂ ಸೇರಿದುದೆಂದು ವಿದ್ವಾಂಸರು ಸಾಧಿಸಿ ತೋರಿಸಿದ್ದಾರೆ. 2020ರ ನವೆಂಬರ್‌ವರೆಗೆ ಪಿಪ್ ಈ ಗೋಜಿಗೇ ಹೋಗುತ್ತಿರಲಿಲ್ಲ. ಮೊದಲು ಕೇಳಿದವನ ಬೇಡಿಕೆಯನ್ನು ನಡೆಸಿ, ಎರಡನೆಯವನನ್ನು ಹಾಗೆಯೇ ಬಿಟ್ಟುಬಿಡುತ್ತಿತ್ತು. ಆ ತಿಂಗಳು ಬಂದ 20.3ನೆಯ ಆವೃತ್ತಿ, ಒಂದು ದಾರಿ ಕೂಡಿಬಾರದಿದ್ದರೆ ಹಿಂದಿರುಗಿ ಇನ್ನೊಂದನ್ನು ಹಿಡಿಯುತ್ತ ಹುಡುಕಲು ಕಲಿಯಿತು. ಯಾವ ದಾರಿಯೂ ಇಲ್ಲದಿದ್ದರೆ, ಯಾರ ಬೇಡಿಕೆಗೂ ಯಾರ ಬೇಡಿಕೆಗೂ ಹೊಂದಿಕೆಯಿಲ್ಲವೆಂಬುದನ್ನು ಹೆಸರು ಹಿಡಿದು ಹೇಳಿ ನಿಲ್ಲುತ್ತದೆ. ಆ ಉದ್ದನೆಯ ಸಂದೇಶವನ್ನು ಕಂಡೊಡನೆ ಬೆದರಿ ಬಾಗಿಲು ಹಾಕುವವರೇ ಹೆಚ್ಚು. ನಿಧಾನವಾಗಿ ಓದಿದರೆ ಜಗಳದ ಮೂಲ ಅದರಲ್ಲೇ ಸಿಕ್ಕುತ್ತದೆ: ಯಾವ ಎರಡು ಪ್ಯಾಕೇಜುಗಳು, ಯಾವ ಮೂರನೆಯದರ ಮೇಲೆ.

ಒಲೆ ಬೇರೆಯಾಗಲಿ

ಪರಿಹಾರ ಹಿರಿಯರು ಹೇಳಿದ್ದೇ. 2007ರಲ್ಲಿ ಇಯಾನ್ ಬಿಕಿಂಗ್ ಎಂಬಾತ ವರ್ಚುವಲೆನ್ವ್ ಎಂಬ ಸಾಧನವನ್ನು ರಚಿಸಿದ. ಒಂದೊಂದು ಕೆಲಸಕ್ಕೂ ಒಂದೊಂದು ಪ್ರತ್ಯೇಕ ಕೋಶ. ಕೋಶದೊಳಗೆ ಆ ಕೆಲಸಕ್ಕೆ ಗೊತ್ತುಪಡಿಸಿದ ಪೈಥಾನ್, ಅದರದೇ ಪಿಪ್, ಅದರದೇ ಕಪಾಟು. ಕೋಶವನ್ನು ಜಾಗೃತಗೊಳಿಸಿದಾಗ, ಯಂತ್ರ ಹುಡುಕುವ ಪಟ್ಟಿಯಲ್ಲಿ ಅದರ ಹೆಸರು ಎಲ್ಲಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಇದರಲ್ಲಿ ಇಂದ್ರಜಾಲವೇನೂ ಇಲ್ಲ. ಪಂಕ್ತಿಯಲ್ಲಿ ಮೊದಲ ಎಲೆ ಯಾರದೆಂಬುದಷ್ಟೇ ಬದಲಾದುದು. 2012ರಲ್ಲಿ ಬಂದ ಪೈಥಾನ್ 3.3 ಇದನ್ನು ವೆನ್ವ್ ಎಂಬ ಹೆಸರಿನಲ್ಲಿ ತನ್ನ ಅಂಗವನ್ನಾಗಿಯೇ ಮಾಡಿಕೊಂಡಿತು. ಹಳೆಯ ಲೆಕ್ಕಕ್ಕೆ ಹಳೆಯ ನಂಪೈ, ಹೊಸದಕ್ಕೆ ಹೊಸದು. ಒಂದರ ಉಪ್ಪು ಇನ್ನೊಂದಕ್ಕೆ ಬೀಳುವುದಿಲ್ಲ.

ಇಷ್ಟಿದ್ದರೂ ಮನೆಯ ದೊಡ್ಡ ಒಲೆಯಲ್ಲೇ ಕೈಯಾಡಿಸುವ ಚಪಲ ಬಿಡಲಿಲ್ಲ. ಆದ್ದರಿಂದ 2023ರಲ್ಲಿ ಡೆಬಿಯನ್ 12 ಮೊದಲಾದ ವ್ಯವಸ್ಥೆಗಳು ಬಾಗಿಲಿಗೆ ಬೀಗವನ್ನೇ ಹಾಕಿದವು. ವ್ಯವಸ್ಥೆಯ ಸ್ವಂತ ಪೈಥಾನಿಗೆ ಪಿಪ್ಪಿನಿಂದ ಏನನ್ನಾದರೂ ತುರುಕಲು ಹೋದರೆ, ಇದು ಹೊರಗಿನವರ ಆಡಳಿತಕ್ಕೆ ಸೇರಿದ್ದು, ಬೇರೆ ಕೋಶವನ್ನು ಮಾಡಿಕೊಳ್ಳಿ ಎಂಬ ಎಚ್ಚರಿಕೆ ಬರುತ್ತದೆ. ಹಟ ಬಿಡದವರಿಗೆ ಒಂದು ಕಳ್ಳಗಿಂಡಿಯೂ ಉಂಟು. ಅದರ ಹೆಸರು ‘ಬ್ರೇಕ್ ಸಿಸ್ಟಂ ಪ್ಯಾಕೇಜಸ್’, ಅಂದರೆ ವ್ಯವಸ್ಥೆಯ ಪ್ಯಾಕೇಜುಗಳನ್ನು ಮುರಿದುಹಾಕು ಎಂದು. ತಾನು ಮಾಡಹೊರಟಿರುವುದನ್ನು ತನ್ನ ಬೆರಳಿನಿಂದಲೇ ಬರೆದುಕೊಟ್ಟು ಮುಂದುವರಿಯಬೇಕು!

ಬೇರೆ ಒಲೆ ಹೂಡಿದರಷ್ಟೇ ಸಾಲದು. ಅದರ ಮೇಲೆ ಏನೇನು ಇಟ್ಟಿದೆಯೆಂದು ಬರೆದಿಡಬೇಕು. ‘ನಂಪೈ ಬೇಕು’ ಎಂದು ಬರೆದರೆ ಇಂದು ಒಂದು ಬರುತ್ತದೆ, ಮುಂದಿನ ವರ್ಷ ಇನ್ನೊಂದು ಬರುತ್ತದೆ. ‘ನಂಪೈ 1.26.4’ ಎಂದು ಮೂರು ಅಂಕಿಗಳನ್ನೂ ಬರೆದರೆ ಎಂದಿಗೂ ಅದೇ ಬರುತ್ತದೆ. ಬಳಗದವರೆಲ್ಲರ ಹೆಸರು, ಅಂಕಿಗಳೊಡನೆ ಪೈಥಾನಿನ ಆವೃತ್ತಿಯನ್ನೂ ಹೀಗೆ ಬರೆದಿಟ್ಟ ಪಟ್ಟಿಯಿದ್ದರೆ, ಕೋಶ ಹಾಳಾದರೂ ಅರ್ಧ ಗಂಟೆಯಲ್ಲಿ ಮರುಹುಟ್ಟು ಪಡೆಯುತ್ತದೆ.

ಉತ್ತರ ಬದಲಾದಾಗ

ಇದೆಲ್ಲ ಯಂತ್ರದವರ ತಾಪತ್ರಯ, ಉಳಿದವರಿಗೇನು ಎನ್ನುವವರು 2019ರ ಒಂದು ಪ್ರಸಂಗವನ್ನು ಗಮನಿಸಬೇಕು. ಹವಾಯಿ ವಿಶ್ವವಿದ್ಯಾಲಯದ ಸಂಶೋಧಕರು ಸೈನೋಬ್ಯಾಕ್ಟೀರಿಯಗಳಲ್ಲಿ ದೊರೆಯುವ ವಸ್ತುವೊಂದರ ರಚನೆಯನ್ನು ತಿಳಿಯಲು, 2014ರಲ್ಲಿ ಪ್ರಕಟವಾಗಿ ಹಲವರು ನೆಚ್ಚಿದ್ದ ಪೈಥಾನ್ ಪ್ರೋಗ್ರಾಂ ಒಂದನ್ನು ಬಳಸಿದರು. ಒಂದೇ ಪ್ರೋಗ್ರಾಂ, ಒಂದೇ ದತ್ತಾಂಶ. ಆದರೆ ಯಂತ್ರದ ವ್ಯವಸ್ಥೆ ಬದಲಾದಂತೆ ಉತ್ತರವೂ ಬದಲಾಯಿತು. ಕಡತಗಳ ಹೆಸರುಗಳು ಇಂಥದೇ ಅನುಕ್ರಮದಲ್ಲಿ ಬರುವುವೆಂದು ಪ್ರೋಗ್ರಾಂ ನಂಬಿತ್ತು. ಕೆಲವು ವ್ಯವಸ್ಥೆಗಳು ಹಾಗೆ ಕೊಡುತ್ತಿದ್ದವು, ಕೆಲವು ಕೊಡುತ್ತಿರಲಿಲ್ಲ. ಯಾವ ಯಂತ್ರವೂ ತಪ್ಪೆಂದು ಕೂಗಲಿಲ್ಲ. ಇಲ್ಲಿ ಬದಲಾದುದು ಭಾಷೆಯ ಆವೃತ್ತಿಯಲ್ಲ. ಆದರೆ ಪಾಠ ಅದೇ. ಆ ವಿಧಾನವನ್ನು ನಂಬಿ ಬರೆದ ಸಂಶೋಧನ ಲೇಖನಗಳನ್ನೆಲ್ಲ ಮತ್ತೆ ಪರಿಶೀಲಿಸಬೇಕಾದ ಪ್ರಶ್ನೆ ಎದ್ದಿತು. ಔಷಧವಾಗಬಹುದಾದ ಅಣುಗಳ ಲೆಕ್ಕ, ಮಳೆಯ ಮುನ್ಸೂಚನೆಯ ಲೆಕ್ಕ, ಬ್ಯಾಂಕಿನ ಬಡ್ಡಿಯ ಲೆಕ್ಕ, ಎಲ್ಲವೂ ಇಂಥ ಪ್ರೋಗ್ರಾಂಗಳ ಮೇಲೆಯೇ ನಿಂತಿರುವಾಗ, ಯಾವ ಆವೃತ್ತಿ, ಯಾವ ಪ್ಯಾಕೇಜು, ಯಾವ ಯಂತ್ರ ಎಂಬುದನ್ನು ಬರೆದಿಡದ ಉತ್ತರವನ್ನು ಅರ್ಧ ಉತ್ತರವೆಂದೇ ಎಣಿಸಬೇಕು.

ಬೇರೆ ಒಲೆಗೆ ಬೆಲೆಯೂ ಉಂಟು. ಒಂದೊಂದು ಕೋಶವೂ ತನ್ನ ಪಾಲಿನ ಜಾಗವನ್ನು ನುಂಗುತ್ತದೆ. ಹತ್ತು ಕೋಶಗಳಲ್ಲಿ ಒಂದೇ ಪ್ಯಾಕೇಜಿನ ಹತ್ತು ಪ್ರತಿಗಳು ಕುಳಿತಿರುತ್ತವೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಕಲಹವಿಲ್ಲವೆಂಬ ನೆಮ್ಮದಿಯಲ್ಲಿ ಹಳೆಯ ಕೋಶವನ್ನು ವರ್ಷಾನುಗಟ್ಟಲೆ ಮುಟ್ಟದೆ ಬಿಡುವುದು ಸುಲಭ. ಎರಡನೆಯ ಆವೃತ್ತಿಗೆ 2020ರಿಂದೀಚೆಗೆ ಅದರ ಕರ್ತೃಗಳಿಂದ ಯಾವ ಭದ್ರತಾ ದುರಸ್ತಿಯೂ ಬಂದಿಲ್ಲ. ಅದರಲ್ಲಿ ಇಂದಿಗೂ ಓಡುತ್ತಿರುವ ಪ್ರೋಗ್ರಾಂ, ಕಳ್ಳನಿಗೆ ಗೊತ್ತಿರುವ, ಯಜಮಾನ ಮರೆತ ಹಿತ್ತಿಲ ಬಾಗಿಲು. ಪ್ರತ್ಯೇಕಿಸುವುದರಿಂದ ಕಾಲಾವಕಾಶ ಸಿಕ್ಕುತ್ತದೆ, ಅಷ್ಟೆ. ಆ ಅವಕಾಶದಲ್ಲಿ ಹಳೆಯ ಲೆಕ್ಕವನ್ನು ಹೊಸ ಆವೃತ್ತಿಗೆ ತಂದು, ಎರಡರ ಉತ್ತರಗಳನ್ನೂ ಪಕ್ಕಪಕ್ಕದಲ್ಲಿಟ್ಟು ತಾಳೆನೋಡುವ ಕೆಲಸವನ್ನು ಮನುಷ್ಯನೇ ಮಾಡಬೇಕು. ಏಳನ್ನು ಎರಡರಿಂದ ಭಾಗಿಸಿದಾಗ ಉಳಿದ ಒಂದು ರೂಪಾಯಿ ಎಲ್ಲಿಗೆ ಹೋಯಿತೆಂದು ಕೇಳುವ ಬುದ್ಧಿ ಯಾವ ಆವೃತ್ತಿಯ ಯಂತ್ರಕ್ಕೂ ಇನ್ನೂ ಬಂದಿಲ್ಲ.